ನೋವಾಯಿತೆಂದು ಬಾಯಿ ಕಟ್ಟಬೇಕೆ?



ಇಟ್ಟಮಡುವಿನ ನಮ್ಮ ಸ್ವಸಹಾಯ ಸಂಘದವರು ವರದಕ್ಷಿಣೆ ಕುರಿತು ಒಂದು ಬೀದಿ ನಾಟಕ ಕಟ್ಟಿದ್ದರು. ಆಡುವ ಹಿಂದಿನ ದಿನ ಹಿರಿಯರೊಬ್ಬರು ಬಂದು, "ನಾಟಕದ ಅತ್ತೆ ನಮ್ಮ ಜನದ ಹಾಗೇ ಮಾತಾಡ್ತಾಳಂತೆ. ನಮಗೆ ನೋವಾಗಿದೆ, ನಿಲ್ಲಿಸಿ" ಎಂದರು. ಅವರು ಹೋದ ಮೇಲೆ ಸದಸ್ಯೆಯೊಬ್ಬಳು ಕೇಳಿದಳು: "ಮೇಡಂ, ಸೊಸೆ ಏಟು ತಿಂದಾಗ ಇವರಿಗೆ ನೋವಾಗಲಿಲ್ವಾ?"

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದ ನನಗೆ ಉತ್ತರ ಕೂಡಲೇ ಹೊಳೆಯಲಿಲ್ಲ. ಆದರೆ ಹಳೆಯದೊಂದು ಪ್ರಕರಣ ನೆನಪಾಯಿತು.

ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು 1997ರಲ್ಲಿ ಕರ್ನಾಟಕ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಬಸವಣ್ಣನವರ ಅಕ್ಕ ನಾಗಮ್ಮನ ತಾಯ್ತನದ ಬಗ್ಗೆ ಅದರಲ್ಲಿದ್ದ ಕಲ್ಪನೆಯಿಂದ ಭಕ್ತರ ಮನಸ್ಸಿಗೆ ನೋವಾಯಿತೆಂಬುದು ಕಾರಣ. ಬರಗೂರು ರಾಮಚಂದ್ರಪ್ಪ ಮೊದಲಾದವರು ನ್ಯಾಯಾಲಯಕ್ಕೆ ಹೋದರು. 2007ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಸರ್ಕಾರದ ಕ್ರಮವನ್ನೇ ಎತ್ತಿಹಿಡಿಯಿತು.

ನೊಂದವರ ನೋವು ಸುಳ್ಳೆಂದು ನಾನು ಹೇಳುವುದಿಲ್ಲ. ತಪ್ಪೆನಿಸಿದರೆ ಖಂಡಿಸಲಿ, ಎದುರು ಪುಸ್ತಕ ಬರೆಯಲಿ, ಸಭೆ ಮಾಡಲಿ. ಆದರೆ ಪುಸ್ತಕವೇ ಇರಬಾರದೆಂದರೆ ಹೇಗೆ? ಒಂದು ಹೆಣ್ಣಿನ ಮಾನವನ್ನು ಇಡೀ ಸಮುದಾಯದ ಮಾನವೆಂದು ಕಾಯುವುದು ನಮಗೆ ಹೊಸದಲ್ಲ. ಅಕ್ಕನಾಗಮ್ಮ ಸ್ವತಃ ವಚನಕಾರ್ತಿ. ಆಕೆಯ ಹೆಸರಿನಲ್ಲಿ ಕೂಗಾಡಿದವರಲ್ಲಿ ಆಕೆಯ ವಚನಗಳನ್ನು ಓದಿದವರೆಷ್ಟು ಮಂದಿ?

ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಗಂಡ ಹೊಡೆದನೆಂದು ಹೇಳಿದರೆ, ಹೊಡೆದದ್ದಲ್ಲ, ಹೇಳಿದ್ದೇ ತಪ್ಪು. "ಮನೆಯ ಮಾನ ಬೀದಿಗೆ ತಂದಳು" ಎನ್ನುತ್ತಾರೆ.

ಹಾಗಾದರೆ ಯಾರು ಏನನ್ನಾದರೂ ಅನ್ನಬಹುದೆ? ಇಲ್ಲ. ಮನಸ್ಸಿಗೆ ಒಪ್ಪದ ಪುಸ್ತಕವನ್ನು ಮುಚ್ಚಿಡಬಹುದು, ನಾಟಕದಿಂದ ಎದ್ದು ಹೋಗಬಹುದು. ಗಂಡು ಹೆರಲಿಲ್ಲವೆಂದು ದಿನವೂ ಚುಚ್ಚುವ ಮಾತಿನಿಂದ ಸೊಸೆ ಎಲ್ಲಿಗೆ ಎದ್ದು ಹೋಗಬೇಕು? 2005ರ ಕೌಟುಂಬಿಕ ಹಿಂಸೆ ಕಾಯಿದೆ ಇಂಥ ಹೀಯಾಳಿಕೆಯನ್ನೂ ಹಿಂಸೆಯೆಂದೇ ಕರೆದಿದೆ. ತನ್ನ ಹಿಡಿತದಲ್ಲಿರುವವಳನ್ನು ಹಿಂಸಿಸುವ ಮಾತೇ ಬೇರೆ, ಕೇಳುವವರಿಗೆ ಇಷ್ಟವಾಗದ ಮಾತೇ ಬೇರೆ. ಸಂವಿಧಾನದ 19ನೇ ವಿಧಿ ವಾಕ್‌ಸ್ವಾತಂತ್ರ್ಯಕ್ಕೆ ಮಿತಿಗಳನ್ನು ಹಾಕಿದೆ. ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನನಷ್ಟ, ಅಪರಾಧಕ್ಕೆ ಪ್ರಚೋದನೆ ಆ ಪಟ್ಟಿಯಲ್ಲಿವೆ. ಬರಿಯ ಮನನೋವು ಇಲ್ಲ.

ಮಹಿಳಾ ಚಳವಳಿಯೂ ತನ್ನನ್ನು ಕೇಳಿಕೊಳ್ಳಬೇಕು. 1996ರಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ, ಹೆಣ್ಣು ಮಾರಾಟದ ಸರಕಲ್ಲ ಎಂದವರೂ ಬೀದಿಗಿಳಿದರು, ಸಂಸ್ಕೃತಿ ಕೆಟ್ಟಿತು ಎಂದವರೂ ಇಳಿದರು. ಪ್ರತಿಭಟಿಸುವುದು ನಮ್ಮ ಹಕ್ಕು. ಆದರೆ ನಿಷೇಧ ಕೇಳುವ ಮುನ್ನ ಯೋಚಿಸಬೇಕು. ಇಂದು ನಾವು ಬೇಡಿ ಪಡೆದ ಕತ್ತರಿ ನಾಳೆ ನಮ್ಮ ಪತ್ರಿಕೆಯ ಮೇಲೆ, ನಮ್ಮ ನಾಟಕದ ಮೇಲೆ ಆಡುವುದಿಲ್ಲವೆಂದು ಯಾರು ಹೇಳಬಲ್ಲರು? ಮಾತಿಗೆ ಮಾತಿನಿಂದ ಉತ್ತರಿಸುವ ರೂಢಿ ತಪ್ಪಿದರೆ ಏನಾಗುತ್ತದೆಂದು ನೋಡಿದ್ದೇವೆ. 2015ರಲ್ಲಿ ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರಲ್ಲಿ ನಮಗೆ ಹತ್ತಿರದ ರಾಜರಾಜೇಶ್ವರಿ ನಗರದಲ್ಲಿ ಗೌರಿ ಲಂಕೇಶ್ ತಮ್ಮ ಮನೆಯಲ್ಲೇ, ಮನೆಯ ಮುಂದೆಯೇ ಗುಂಡಿಗೆ ಬಲಿಯಾದರು.

ಒಂದು ವಿಷಯ ನೆನಪಿಡಿ. ದೌರ್ಜನ್ಯ ಹೇಳಿಕೊಂಡವಳಿಗೆ "ಮಾನನಷ್ಟ ಮೊಕದ್ದಮೆ ಹಾಕುತ್ತೇವೆ" ಎಂದು ಹೆದರಿಸುವುದುಂಟು. ಅಧಿಕಾರವುಳ್ಳವರ ಮುಂದೆ ಸದುದ್ದೇಶದಿಂದ ಕೊಟ್ಟ ದೂರು ಮಾನನಷ್ಟವಲ್ಲ. ಹಳೆಯ ದಂಡ ಸಂಹಿತೆಯಲ್ಲಿದ್ದ ಈ ರಕ್ಷಣೆ 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಠಾಣೆಗೆ ಹೋಗಲು ಹಿಂಜರಿಯಬೇಡಿ.

ಅಂದಹಾಗೆ, ನಾಟಕ ಆಡಿದೆವು. ಆ ಹಿರಿಯರನ್ನೂ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಮುಗಿದ ಮೇಲೆ ಹತ್ತು ನಿಮಿಷ ಅವರೂ ಮಾತಾಡಿದರು. ನಮ್ಮನ್ನು ಬೈದರು. ಕೇಳಿಸಿಕೊಂಡೆವು. ನಮಗೂ ನೋವಾಯಿತು, ಆದರೆ ಯಾರೂ ಅವರ ಮೈಕ್ ಕಿತ್ತುಕೊಳ್ಳಲಿಲ್ಲ.

ನಿಮ್ಮ ಸಂಘದಲ್ಲೂ ಹೀಗೆ ಬಾಯಿ ಮುಚ್ಚಿಸಿದ ಪ್ರಸಂಗಗಳಿದ್ದರೆ ಬರೆದು ಕಳಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಮಾತು ಮಾತ್ರ ಹಾಕುತ್ತೇವೆ.