ಕಾರಿಗೆ ಕಡ್ಡಾಯ ಜಾಗ, ನಡೆಯುವವರಿಗೆ ಯಾಕಿಲ್ಲ?

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವವರು 50 ಚದರ ಮೀಟರ್ ಮೀರಿದ ಪ್ರತಿ ಫ್ಲ್ಯಾಟ್‌ಗೂ ಕನಿಷ್ಠ ಒಂದು ಕಾರಿನ ಜಾಗ ತೋರಿಸಬೇಕು. ತೋರಿಸದಿದ್ದರೆ ನಕ್ಷೆ ಮಂಜೂರಾಗದು. ಅದೇ ಕಟ್ಟಡದ ಗೇಟಿನಿಂದ ಬಸ್‌ಸ್ಟಾಪಿಗೆ ನಡೆದುಹೋಗಲು ಫುಟ್‌ಪಾತ್ ಇದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಜನ ಕಾರು ಕೊಂಡರು, ಊರು ಕೆಟ್ಟಿತು ಎಂದು ದೂರುವವರು ಈ ನಿಯಮವನ್ನೊಮ್ಮೆ ಓದಬೇಕು. ಕಾರಿಲ್ಲದ ಬಾಡಿಗೆದಾರನೂ ಪಾರ್ಕಿಂಗ್ ಜಾಗದ ಖರ್ಚು ಹೊರುತ್ತಾನೆ.

ಈ ನಿಯಮಗಳು ಬಂದದ್ದು 2007ರಲ್ಲಿ ಒಪ್ಪಿಗೆ ಪಡೆದ ನಗರದ ಮಹಾಯೋಜನೆಯೊಂದಿಗೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಯೋಜನೆಯನ್ನು ಪರಿಷ್ಕರಿಸಬೇಕು. 2017ರಲ್ಲಿ ಹೊಸ ಕರಡು ಬಂತು. 2020ರಲ್ಲಿ ಅದನ್ನು ಹಿಂತೆಗೆದುಕೊಂಡರು. ಯೋಜನೆ ನಿಂತರೂ ಕಡತಗಳು ನಿಲ್ಲಲಿಲ್ಲ. ಒಂದೊಂದೇ ಜಮೀನಿನ ಭೂಬಳಕೆ ಬದಲಾಯಿತು. ಶುಲ್ಕ ಕಟ್ಟಿದವರಿಗೆ ಹೆಚ್ಚುವರಿ ಮಹಡಿ ಕೊಡುವ ಪ್ರೀಮಿಯಂ ಎಫ್‌ಎಆರ್ (ನೆಲ ವಿಸ್ತೀರ್ಣ ಅನುಪಾತ) ಬಂತು. ಮಹಡಿ ಏರುವುದಕ್ಕೆ ನನ್ನ ವಿರೋಧವಿಲ್ಲ. ಮೆಟ್ರೋ ನಿಲ್ದಾಣದ ಸುತ್ತ ಏರಲೇಬೇಕು. ಆದರೆ ಆ ಶುಲ್ಕದ ಹಣ ಅದೇ ಬೀದಿಯ ಫುಟ್‌ಪಾತಿಗೆ, ಅದೇ ವಾರ್ಡಿನ ಬಡವರ ಮನೆಗೆ ಹೋಗಬೇಕೆಂಬ ಕಟ್ಟುಪಾಡು ಇಲ್ಲದಿದ್ದರೆ ಅದು ಖಜಾನೆ ತುಂಬಿಸುವ ಮಾರಾಟ ಅಷ್ಟೆ.

ನಡೆದು ಬದುಕುವ ಊರು ಎಂದರೆ ಅಗಲವಾದ ಕಲ್ಲುಹಾಸು ಮಾತ್ರ ಎಂದುಕೊಂಡವರು ಈಜಿಪುರವನ್ನು ನೆನಪಿಸಿಕೊಳ್ಳಲಿ. 2013ರ ಜನವರಿಯಲ್ಲಿ ಅಲ್ಲಿನ ಇಡಬ್ಲ್ಯುಎಸ್ (ಆರ್ಥಿಕವಾಗಿ ದುರ್ಬಲರ) ವಸತಿ ಜಾಗದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಬಡವರ ವಸತಿಗೆಂದಿದ್ದ ಪಾಲಿಕೆ ನೆಲದ ಒಂದು ಭಾಗವನ್ನು ಮಾಲ್‌ಗೆ ಕೊಡುವ ಒಪ್ಪಂದವಾಗಿತ್ತು. ಕೋರಮಂಗಲದ ಮನೆಗೆಲಸಕ್ಕೆ ನಡೆದೇ ಹೋಗುತ್ತಿದ್ದ ಹೆಂಗಸರಿಗೆ ತೋರಿಸಿದ್ದು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಮನೆ ದೂರವಾದರೆ ಕೂಲಿಯೇ ಹೋಗುತ್ತದೆ, ಮಕ್ಕಳ ಶಾಲೆ ತಪ್ಪುತ್ತದೆ. ಭೂಬಳಕೆಯ ಅನ್ಯಾಯ ಇದಕ್ಕಿಂತ ಬೇರೆ ಇನ್ನೇನಿದೆ?

ಪಾರ್ಕಿಂಗ್ ಕಡ್ಡಾಯ ತೆಗೆದರೆ ಕಾರುಗಳೆಲ್ಲ ಬೀದಿಗೆ ಬರುತ್ತವೆ ಎಂಬ ಆಕ್ಷೇಪವಿದೆ. ಈಗಲೂ ಬೀದಿಯಲ್ಲೇ ಇವೆ, ಅದೂ ಪುಕ್ಕಟೆಯಾಗಿ. ಬೀದಿಯ ಜಾಗಕ್ಕೆ ಬಾಡಿಗೆ ಹಾಕಿ, ಮೆಟ್ರೋ ಪಕ್ಕದ ಕಟ್ಟಡಗಳಿಗೆ ಪಾರ್ಕಿಂಗ್ ಕಡ್ಡಾಯ ರದ್ದು ಮಾಡಿ. ಯಾರಿಗೆ ಬೇಕೋ ಅವರು ದುಡ್ಡು ಕೊಟ್ಟು ಕೊಳ್ಳಲಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ ತೋಡಲು 17 ಸಾವಿರ ಕೋಟಿಗೂ ಹೆಚ್ಚು ಬೇಕೆಂದು ಲೆಕ್ಕ ಹಾಕಿದ ಸರ್ಕಾರಕ್ಕೆ ಫುಟ್‌ಪಾತಿನ ವಿಷಯದಲ್ಲಿ ಮಾತ್ರ ಹಣವಿಲ್ಲ ಎನ್ನುವ ಹಕ್ಕಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸಗಾರ್ತಿ ಆ ಬಸ್ಸಿನ ತನಕ ಲಾರಿಗಳ ಪಕ್ಕದಲ್ಲೇ ನಡೆಯಬೇಕಾಗಿದೆ.

ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗ ಎಂದು 2025ರ ಮೇನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಡೆಯುವವರಿಗೂ ಸೈಕಲ್ ಸವಾರರಿಗೂ ಕಾನೂನಿನ ರಕ್ಷಣೆ ಕೊಡುವ ಕರಡು ಮಸೂದೆಯನ್ನು ನಮ್ಮದೇ ನಗರ ಭೂಸಾರಿಗೆ ನಿರ್ದೇಶನಾಲಯ ಅದಕ್ಕೂ ಮುಂಚೆಯೇ ಬರೆದಿಟ್ಟಿತ್ತು. ಅದನ್ನು ಸದನಕ್ಕೆ ತನ್ನಿ. ಜೊತೆಗೆ 1961ರ ಕಾಯ್ದೆಯನ್ನೂ ತಿದ್ದಿ: ಶಾಲೆ, ಆರೋಗ್ಯ ಕೇಂದ್ರ, ಬಸ್‌ಸ್ಟಾಪು ನಡೆಯುವಷ್ಟು ಹತ್ತಿರ ಇಲ್ಲದ ಲೇಔಟಿಗೆ ಅನುಮೋದನೆ ಬೇಡ. ಬಡವರ ವಸತಿಗೆ ಗುರುತಿಸಿದ ನೆಲವನ್ನು ಬೇರೆ ಬಳಕೆಗೆ ಬದಲಿಸುವ ಅಧಿಕಾರ ಯಾವ ಪ್ರಾಧಿಕಾರಕ್ಕೂ ಬೇಡ.