ಎಚ್‌ಎಸ್‌ಆರ್‌ಪಿ ಹಾಕಿಸಿದ್ದಾಯ್ತು, ಹೊಲದ ದಾರಿಯಲ್ಲಿ ಅದು ಉಳಿಯೋದು ಹೇಗೆ?

ನವಿಲುತೀರ್ಥ: 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ಗಾಡಿಗಳಿಗೆ ಎಚ್‌ಎಸ್‌ಆರ್‌ಪಿ ಹಾಕಿಸಲು ಸರ್ಕಾರ ಕೊಟ್ಟ ಮೊದಲ ಗಡುವು 2023ರ ನವೆಂಬರ್ 17. ಅದು 2024ರ ಫೆಬ್ರವರಿ 17, ಮೇ 31 ಅಂತ ಮುಂದಕ್ಕೆ ಹೋಗ್ತಾ 2025ರ ತನಕ ಬಂತು. ಚರ್ಚೆ ಎಲ್ಲ ಪ್ಲೇಟ್ ಹಾಕಿಸೋದರ ಬಗ್ಗೆ. ಹಾಕಿಸಿದ್ದು ನಮ್ಮ ದಾರಿಗಳಲ್ಲಿ ಎಷ್ಟು ದಿನ ಉಳಿಯುತ್ತೆ ಅನ್ನೋದು ಮಾತ್ರ ಹಿಂದೆ ಉಳೀತು.

ಆಫ್‌ರೋಡ್ ಬೈಕ್ ಅಂದ್ರೆ ಎಕ್ಸ್‌ಪಲ್ಸ್, ಹಿಮಾಲಯನ್ ನೆನಪಾಗ್ತವೆ. ಆದ್ರೆ ಮುನವಳ್ಳಿ, ಸವದತ್ತಿ ಕಡೆ ಹಾಲಿನ ಕ್ಯಾನು, ಗೊಬ್ಬರದ ಚೀಲ ಹೇರಿಕೊಂಡು ಕಾಲುವೆ ದಂಡೆ, ಎರಿ ಹೊಲದ ದಾರಿ ಹಿಡಿಯೋ ಸ್ಪ್ಲೆಂಡರ್, ಎಕ್ಸ್‌ಎಲ್ ಕೂಡ ಆಫ್‌ರೋಡ್ ಗಾಡಿಗಳೇ.

ಪ್ಲೇಟ್ ಯಾಕೆ ಬೀಳುತ್ತೆ?

ಹಿಂದಿನ ಪ್ಲೇಟ್ 200 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ತೆಳು ಅಲ್ಯೂಮಿನಿಯಂ ತಗಡು. ಬಹಳಷ್ಟು ಬೈಕ್‌ಗಳಲ್ಲಿ ಅದು ಪ್ಲಾಸ್ಟಿಕ್ ಮಡ್‌ಗಾರ್ಡ್ ತುದಿಗೆ ಜೋತು ಬಿದ್ದಿರುತ್ತೆ. ತಗ್ಗು ಬಂದಾಗೆಲ್ಲ ತುದಿ ಅಲುಗಾಡುತ್ತೆ, ಬೋಲ್ಟಿನ ತೂತಿನ ಸುತ್ತ ತಗಡು ಸೀಳುತ್ತೆ. ಮಳೆಗಾಲದಲ್ಲಿ ಎರಿಮಣ್ಣು ಮೆತ್ತಿಕೊಂಡು ಭಾರ ಬೇರೆ. ಚಂದ ಕಾಣಲಿ ಅಂತ ಮಡ್‌ಗಾರ್ಡ್ ಕತ್ತರಿಸಿ ಪ್ಲೇಟ್ ಮೇಲಕ್ಕೆ ಕೂರಿಸಿದವರದು ಇನ್ನೊಂದು ಪಾಡು: ಇಬ್ಬರು ಕೂತು ತಗ್ಗಿಗೆ ಇಳಿದಾಗ ಟೈರೇ ಪ್ಲೇಟಿಗೆ ಬಡಿಯುತ್ತೆ.

ಮೊದಲಾದ್ರೆ ಪೇಟೆಯ ಪೇಂಟರ್ ಹತ್ರ ಸಂಜೆಯೊಳಗೆ ಹೊಸದು ಬರೆಸಬಹುದಿತ್ತು. ಈಗ ಹಾಗಿಲ್ಲ. ಪ್ರತಿ ಪ್ಲೇಟಿಗೂ ಲೇಸರ್‌ನಲ್ಲಿ ಕೊರೆದ ಬೇರೆ ಬೇರೆ ಗುರುತಿನ ಸಂಖ್ಯೆ ಇದೆ. ಕಳೆದರೆ ಪೊಲೀಸ್ ಠಾಣೆಗೆ ದೂರು, ಆನ್‌ಲೈನ್ ಬುಕಿಂಗ್, ಮತ್ತೆ ಶೋರೂಮಿಗೆ ಓಡಾಟ. ಕೂಲಿ ಮಾಡೋರಿಗೆ ದಿನದ ದುಡಿಮೆ ಹೋಗುತ್ತೆ. ಬಿದ್ದ ಪ್ಲೇಟ್ ಕಳ್ಳರ ಕೈಗೆ ಸಿಕ್ಕರೆ ಅವರು ಮಾಡಿದ್ದಕ್ಕೆ ನೋಟಿಸ್ ಬರೋದು ನಿಮ್ಮ ಮನೆಗೆ. ಹಾಗಾಗಿ ದೂರು ಕೊಡೋದನ್ನ ಮುಂದೂಡಬೇಡಿ.

ಹಾಕಿಸುವಾಗಲೇ ಎಚ್ಚರ

ಎಚ್‌ಎಸ್‌ಆರ್‌ಪಿಗೆ ಬಡಿಯೋ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲಾಗದು. ಕಳ್ಳತನ ತಡೆಯೋಕೆ ಇದು ಒಳ್ಳೇದೇ. ಆದ್ರೆ ಆಮೇಲೆ ಹಿಂದೆ ಆಧಾರ ಕೊಡಿಸ್ತೀನಿ ಅಂದ್ರೆ ಆಗಲ್ಲ. ಪ್ಲೇಟಿನ ಅಳತೆಯ ಕಬ್ಬಿಣದ ತಗಡು ಅಥವಾ ಗಟ್ಟಿ ಫ್ರೇಮ್ ಮೊದಲೇ ಒಯ್ದು, ಅದರ ಮೇಲೇ ಕೂರಿಸಿ ಅಂತ ಕೇಳಿ. ನಡುವೆ ರಬ್ಬರ್ ವಾಷರ್, ಬೋಲ್ಟಿಗೆ ಅಗಲ ವಾಷರ್, ಸಡಿಲಾಗದ ನೈಲಾಕ್ ನಟ್ ಇರಲಿ. ಫ್ರೇಮ್ ಅಕ್ಷರ, ಹೊಲೊಗ್ರಾಮ್ ಮುಚ್ಚಬಾರದು. ಹೊಸ ತೂತು ಕೊರೆಯೋದು, ತಗಡು ಮಡಚೋದು ಬೇಡ. ಮುಗಿದ ಮೇಲೆ ಇಬ್ಬರು ಕೂತು ಒತ್ತಿ, ಟೈರ್ ತಾಗುತ್ತಾ ನೋಡಿ.

ಅಂಗಡಿಯವರಿಗೂ ಒಂದು ಮಾತು. ‘ಐಎನ್‌ಡಿ’ ಅಂತ ಬರೆದು ಎಚ್‌ಎಸ್‌ಆರ್‌ಪಿ ಥರಾ ಕಾಣೋ ಪ್ಲೇಟ್ ಮಾರಿದರೆ ಅದು ನಕಲಿಯೇ, ಕೊಂಡವರೂ ಸಿಕ್ಕಿಬೀಳ್ತಾರೆ. ಅದರ ಬದಲು ಆಧಾರ ತಗಡು, ನೈಲಾಕ್ ನಟ್ ಇಟ್ಟರೆ ವ್ಯಾಪಾರವೂ ಆಗುತ್ತೆ, ತಂಟೆಯೂ ಇಲ್ಲ.

ಪ್ಲೇಟ್ ಇಲ್ಲ ಅಂತ ದಂಡ ಹಾಕೋ ಇಲಾಖೆ, ಹಳ್ಳಿ ಗಾಡಿಗಳಿಗೆ ಆಧಾರ ತಗಡಿನ ಸಮೇತವೇ ಪ್ಲೇಟ್ ಕೂರಿಸಿ ಅಂತ ಡೀಲರ್‌ಗಳಿಗೆ ಹೇಳಬೇಕು. ಯಲ್ಲಮ್ಮನ ಗುಡ್ಡದ ಜಾತ್ರೆಗೆ ಸಾವಿರಾರು ಬೈಕ್ ಬರೋ ತಾಲ್ಲೂಕಿದು. ಇಲ್ಲಿ ಹೋಬಳಿಗೊಂದು ಶಿಬಿರ ಮಾಡಿದರೆ ಜನರ ಓಡಾಟವೂ ತಪ್ಪುತ್ತೆ.