ಕವರ್ ಅಂದ್ರೆ ಕಳ್ಳತನ ಅಲ್ಲ ಗುರು

1/6
ನೈನ್ ಇಂಚ್ ನೇಲ್ಸ್‌ನ ‘ಡೆಡ್ ಸೋಲ್ಸ್’ನ ಯಾರಾದ್ರೂ ಸ್ಟೋರಿಗೆ ಹಾಕಿದ್ರೆ ಸಾಕು, “ಮೊದ್ಲು ಒರಿಜಿನಲ್ ಕೇಳೋ, ಆಮೇಲೆ ಮಾತಾಡು” ಅಂತ ರಿಪ್ಲೈ ಗ್ಯಾರಂಟಿ. ಇದು ಸಂಗೀತದ ಮೇಲಿನ ಪ್ರೀತಿ ಅಲ್ಲ. ಬಾಗಿಲಲ್ಲಿ ನಿಂತು ಟಿಕೆಟ್ ಕೇಳೋ ಚಟ.

2/6
ಹಾಡು ಮ್ಯಾಂಚೆಸ್ಟರ್‌ನ ಜಾಯ್ ಡಿವಿಷನ್ ಅವರದ್ದು, ನಿಜ. 1980ರ ಮಾರ್ಚ್‌ನಲ್ಲಿ ಫ್ರಾನ್ಸಿನ ಪುಟ್ಟ ಲೇಬಲ್ಲೊಂದು ಅದನ್ನ ಹೊರತಂದಾಗ ಅಚ್ಚಾಗಿದ್ದು ಬರೀ 1,578 ಪ್ರತಿ. ಅದೇ ಮೇ 18ಕ್ಕೆ ಗಾಯಕ ಇಯಾನ್ ಕರ್ಟಿಸ್ ತೀರಿಕೊಂಡ, 23ನೇ ವಯಸ್ಸಿಗೆ. ‘ಸ್ಟಿಲ್’ ಆಲ್ಬಮ್‌ನಲ್ಲಿ ಹಾಡು ಮತ್ತೆ ಬಂದಿದ್ದು 1981ರಲ್ಲಿ.

3/6
1994ರಲ್ಲಿ ಟ್ರೆಂಟ್ ರೆಜ್ನರ್ ಇದನ್ನ ‘ದಿ ಕ್ರೋ’ ಸಿನಿಮಾಗೆ ಹಾಡಿದ. ಸುಮ್ನೆ ಅಂಟಿಸಿದ ಹಾಡಲ್ಲ ಇದು. ಸಿನಿಮಾದ ಮೂಲ ಕಾಮಿಕ್ಸ್ ಬರೆದ ಜೇಮ್ಸ್ ಓ’ಬಾರ್ ಜಾಯ್ ಡಿವಿಷನ್ ಅಭಿಮಾನಿ. ಕಥೆಯ ಪೊಲೀಸರಿಗೆ ಹುಕ್, ಆಲ್ಬ್ರೆಕ್ಟ್ ಅಂತ ಬ್ಯಾಂಡಿನವರ ಹೆಸರನ್ನೇ ಇಟ್ಟಿದ್ದಾನೆ. ಆ ಸೌಂಡ್‌ಟ್ರ್ಯಾಕ್ ಅಮೆರಿಕದ ಬಿಲ್‌ಬೋರ್ಡ್ 200ರಲ್ಲಿ ನಂಬರ್ 1 ಆಯ್ತು. 1,578 ಪ್ರತಿಯಿಂದ ಅಲ್ಲೀವರೆಗೆ! ಇದನ್ನ ಹಾಳು ಮಾಡೋದು ಅಂತೀರಾ?

4/6
“ಒರಿಜಿನಲ್‌ನ ಆ ತಣ್ಣಗಿನ ಖಾಲಿತನ ಕವರ್‌ನಲ್ಲಿ ಇಲ್ಲ.” ಒಪ್ಪಿದೆ. ಅಲ್ಲಿ ದನಿ ಬರೋಕೆ ಸುಮಾರು ಎರಡು ನಿಮಿಷ ಕಾಯಬೇಕು. ಅಷ್ಟೂ ಹೊತ್ತು ಬಾಸು, ಡ್ರಮ್ಸು, ಗಿಟಾರು ಸುತ್ತುತ್ತಾನೇ ಇರತ್ವೆ. ರೆಜ್ನರ್ ಆ ಖಾಲಿ ಜಾಗಕ್ಕೆ ಕರ್ಕಶ ಗಿಟಾರ್ ಗೋಡೆ ಕಟ್ಟಿದ. ಆದ್ರೆ ಹಾಡು ಇರೋದು ಯಾವುದರ ಬಗ್ಗೆ? ಬಿಟ್ಟು ಹೋಗದೆ ಕರೆಯೋ ಸತ್ತವರ ದನಿಗಳ ಬಗ್ಗೆ. ಕರ್ಟಿಸ್ ಆ ದನಿಗಳಿಗೆ ಕಿವಿ ಕೊಟ್ಟು ನಿಂತವನ ಹಾಗೆ ಹಾಡ್ತಾನೆ. ರೆಜ್ನರ್ ಅವುಗಳನ್ನ ಮುಳುಗಿಸೋಕೆ ಗದ್ದಲ ಎಬ್ಬಿಸ್ತಾನೆ, ಆದ್ರೂ ಅವು ಮುಳುಗಲ್ಲ. ಮಾತು ಒಂದೇ, ಮನಸ್ಥಿತಿ ಎರಡು.

5/6
ಇನ್ನೊಂದು ತಮಾಷೆ ನೋಡಿ. ರೆಜ್ನರ್ ಬರೆದ ‘ಹರ್ಟ್’ನ ಜಾನಿ ಕ್ಯಾಶ್ 2002ರಲ್ಲಿ ಹಾಡಿದಾಗ ಇದೇ ಒರಿಜಿನಲ್ ಪೊಲೀಸರು ಕಣ್ಣೀರು ಹಾಕ್ತಾರೆ. ಮುದುಕ ಅಕೂಸ್ಟಿಕ್ ಗಿಟಾರ್ ಹಿಡಿದ್ರೆ ಕಲೆ, ಹುಡುಗ ಮೆಷಿನ್ ಆನ್ ಮಾಡಿದ್ರೆ ಅಪಚಾರ? ಹಾಗಾದ್ರೆ ನಿಮ್ಮ ತಕರಾರು ಕವರ್ ಬಗ್ಗೆ ಅಲ್ಲ, ಶಬ್ದದ ಬಗ್ಗೆ. ಅದನ್ನೇ ನೇರವಾಗಿ ಹೇಳಿ.

6/6
ಕೆಟ್ಟ ಕವರ್ ಇಲ್ವಾ? ಬೇಕಾದಷ್ಟಿವೆ. ಇದ್ದಿದ್ದನ್ನ ಇದ್ದ ಹಾಗೇ ನಕಲು ಹೊಡೆಯೋದು ಕೆಟ್ಟ ಕವರ್. ಹಾಡಿನೊಳಗೆ ಅಡಗಿದ್ದ ಇನ್ನೊಂದು ಹಾಡನ್ನ ಹೊರಗೆ ತೆಗೆಯೋದು ಒಳ್ಳೇದು.

ಮೊನ್ನೆ ಮೊನ್ನೆ ಕೇಳೋಕೆ ಶುರು ಮಾಡಿದ ಫಸ್ಟ್ ಇಯರ್ ಹುಡುಗಿಗೆ ‘ನಿಂಗೇನ್ ಗೊತ್ತು’ ಅಂದ್ರೆ ಅವಳು ಜಾಯ್ ಡಿವಿಷನ್ ಹುಡುಕಲ್ಲ. ಸ್ಟೋರಿ ಡಿಲೀಟ್ ಮಾಡಿ ಸುಮ್ನಾಗ್ತಾಳೆ. ನೀವು ಕಾಪಾಡ್ತೀವಿ ಅಂತಿರೋ ಹಾಡಿಗೆ ಒಬ್ಬ ಕೇಳುಗಳು ಕಮ್ಮಿ ಆದ್ಲು, ಅಷ್ಟೇ ನಿಮ್ಮ ಸಾಧನೆ. ಅದರ ಬದಲು ಒರಿಜಿನಲ್ ಲಿಂಕ್ ಕಳಿಸಿ, “ಇದೂ ಕೇಳು” ಅನ್ನಿ. ಎರಡೇ ಪದ ಸಾಕು.

ಒಪ್ಪದೇ ಇರೋರು ಕಾಮೆಂಟಿಗೆ ಬನ್ನಿ. ಎರಡನ್ನೂ ಕೇಳ್ಕೊಂಡು ಬನ್ನಿ.